ಯಾವ ಗುಂಡಿ ಯಾರ ಕೈಲಿ? ತಂಡದ ಪಿಎ ಮತ್ತು ಸಭಾಂಗಣದ ಸೌಂಡ್ ಜೋಡಿಸಿದ ಒಂದು ಪ್ರಕರಣ

ಮೂವರ ಒಂದು ಸಂಗೀತ ತಂಡ. ಒಬ್ಬರು ಗಿಟಾರ್ ನುಡಿಸುತ್ತಾ ಹಾಡುತ್ತಾರೆ. ಇನ್ನೊಬ್ಬರದು ಕೀಬೋರ್ಡ್. ಮೂರನೆಯವರದು ಕಹೋನ್, ಅಂದರೆ ಮೇಲೆ ಕೂತು ಬಾರಿಸುವ ಪೆಟ್ಟಿಗೆ ಡ್ರಮ್. ಇವರ ಹತ್ತಿರ ಸ್ವಂತ ಪಿಎ ಇದೆ, ಅಂದರೆ ಕೇಳುಗರಿಗೆ ದನಿ ಮುಟ್ಟಿಸುವ ಸ್ಪೀಕರ್ ವ್ಯವಸ್ಥೆ. ಸುಮಾರು 2 ಮೀಟರ್ ಎತ್ತರದ ಕಾಲಮ್ ಸ್ಪೀಕರ್, ಅದರ ಬುಡದಲ್ಲಿ ಬಾಸ್ ಪೆಟ್ಟಿಗೆ, ಪಕ್ಕದಲ್ಲಿ ಒಂದು ಸಣ್ಣ ಮಿಕ್ಸರ್. ಕಾಲಮ್ ಅನ್ನು ತಮ್ಮ ಬೆನ್ನ ಹಿಂದೆ ನಿಲ್ಲಿಸಿ ನುಡಿಸುವುದು ಇವರ ರೂಢಿ. ಬೋಸ್ ಕಂಪನಿ 2003ರಲ್ಲಿ ಎಲ್1 ಎಂಬ ಕಾಲಮ್ ಸ್ಪೀಕರ್ ತಂದ ಮೇಲೆ ಈ ಕ್ರಮ ಸಣ್ಣ ತಂಡಗಳಲ್ಲಿ ಹಬ್ಬಿತು. ಕೇಳುಗರಿಗೆ ಏನು ಕೇಳಿಸುತ್ತದೋ ಹೆಚ್ಚುಕಡಿಮೆ ಅದೇ ನುಡಿಸುವವರಿಗೂ ಕೇಳಿಸುತ್ತದೆ. ನುಡಿಸುವವರು ತಮ್ಮನ್ನು ಕೇಳಿಸಿಕೊಳ್ಳಲು ಪ್ರತ್ಯೇಕ ಸ್ಪೀಕರ್, ಅಂದರೆ ಮಾನಿಟರ್, ಬೇಡ. ಹಾಡುವವರು ತಮ್ಮ ದನಿಯನ್ನು ತಾವೇ ತೂಗಿಕೊಳ್ಳಬಹುದು.

ಈ ಬಾರಿ ಅವರು ನುಡಿಸಬೇಕಾಗಿದ್ದುದು ಸುಮಾರು 300 ಆಸನಗಳ, 25 ಮೀಟರ್ ಆಳದ ಸಭಾಂಗಣದಲ್ಲಿ. ಅಲ್ಲಿ ಆಗಲೇ ಸೌಂಡ್ ವ್ಯವಸ್ಥೆ ಇತ್ತು. ವೇದಿಕೆಯ ಮುಂಚೂಣಿಯಲ್ಲಿ ಎಡಬಲಕ್ಕೆ ತೂಗುಹಾಕಿದ ದೊಡ್ಡ ಸ್ಪೀಕರ್‌ಗಳು, ಹಿಂದಿನ ಸಾಲುಗಳ ಮೇಲೆ ಒಂದು ಜೊತೆ ಸಣ್ಣ ಸ್ಪೀಕರ್‌ಗಳು, ಹಿಂಬದಿಯಲ್ಲಿ ಡಿಜಿಟಲ್ ಮಿಕ್ಸರ್. ವೇದಿಕೆಯ ಗೋಡೆಯಲ್ಲಿ ಮೈಕ್ ಕೇಬಲ್ ಚುಚ್ಚಲು ಎಕ್ಸ್‌ಎಲ್‌ಆರ್ ಸಾಕೆಟ್‌ಗಳ ಪೆಟ್ಟಿಗೆ. ಆಯೋಜಕರಿಗೆ ಬೇಕಾಗಿದ್ದು ಕೊನೆಯ ಸಾಲಿಗೂ ಹಾಡಿನ ಮಾತು ಸ್ಪಷ್ಟವಾಗಿ ಕೇಳಿಸುವುದು. ತಂಡಕ್ಕೆ ತಮ್ಮ ಕಾಲಮ್ ಬೇಕೇ ಬೇಕು. ಸಭಾಂಗಣದ ತಂತ್ರಜ್ಞರು ಹೇಳಿದ್ದು ಇಷ್ಟೇ: "ನಿಮ್ಮ ಮಿಕ್ಸರ್‌ನಿಂದ ನನಗೊಂದು ಲೈನ್ ಕೊಟ್ಟುಬಿಡಿ, ಸಾಕು." ಇಬ್ಬರ ನಡುವೆ ನಿಂತು ಇದನ್ನು ಹೊಂದಿಸುವ ಕೆಲಸ ನನ್ನದಾಗಿತ್ತು.

ಎಲ್ಲರೂ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ಯಾವ ಕೇಬಲ್ ಹಾಕಬೇಕು ಅಂತ. ಕೇಬಲ್ ಮುಖ್ಯವೇ. ಆದರೆ ಅದಕ್ಕೂ ಮೊದಲು ತೀರ್ಮಾನವಾಗಬೇಕಾದದ್ದು ಬೇರೆ. ವೇದಿಕೆಯ ವಾಲ್ಯೂಮ್ ಯಾರ ಕೈಲಿರುತ್ತದೆ? ಹಾಲ್‌ನ ವಾಲ್ಯೂಮ್ ಯಾರ ಕೈಲಿ? ಒಬ್ಬರು ತಿರುಗಿಸಿದ ಗುಂಡಿ ಇನ್ನೊಬ್ಬರ ಕೆಲಸ ಕೆಡಿಸಬಾರದು. ಈ ಪ್ರಕರಣದ ಬಹುಪಾಲು ತೊಂದರೆ ಹುಟ್ಟಿದ್ದು ಅಲ್ಲೇ, ತೀರಿದ್ದೂ ಅಲ್ಲೇ.

ಕಾಲಮ್ ಒಂದನ್ನೇ ನಂಬಿ ನುಡಿಸಬಹುದಿತ್ತಲ್ಲ? ಅದನ್ನು ಮೊದಲು ಪರೀಕ್ಷಿಸಿದೆವು. ಕಾಲಮ್ ಸ್ಪೀಕರ್‌ನ ದನಿ ಹತ್ತಿರದ ವಲಯದಲ್ಲಿ ನಿಧಾನವಾಗಿ ಇಳಿಯುತ್ತದೆ. ಸಾಮಾನ್ಯ ಸ್ಪೀಕರ್‌ನಲ್ಲಿ ದೂರ ಎರಡು ಪಟ್ಟಾದಾಗ 6 ಡಿಸಿಬೆಲ್ ಇಳಿದರೆ ಇಲ್ಲಿ 3ರ ಆಸುಪಾಸು. ಆದರೆ ಆ ವಲಯ ಬಹಳ ದೂರ ಹಬ್ಬುವುದಿಲ್ಲ. ನಡುವಿನ ಸಾಲುಗಳವರೆಗೆ ಚೆನ್ನಾಗಿತ್ತು. ಹಿಂದೆ ಹೋದರೆ ಕಹೋನ್ ಕೇಳಿಸುತ್ತಿತ್ತು, ಹಾಡಿನ ಮಾತು ಗೋಡೆಗಳ ಪ್ರತಿಧ್ವನಿಯಲ್ಲಿ ಕರಗುತ್ತಿತ್ತು. ಹಾಗಾಗಿ ಹಾಲ್‌ನ ಸ್ಪೀಕರ್‌ಗಳ ನೆರವು ಬೇಕೇ ಆಗಿತ್ತು.

ಮೊದಲ ಜೋಡಣೆ

ತಂಡದವರು ನಾನು ಬರುವ ಮೊದಲೇ ಒಂದು ಜೋಡಣೆ ಮಾಡಿಟ್ಟಿದ್ದರು. ಸಣ್ಣ ಮಿಕ್ಸರ್‌ನ ಮುಖ್ಯ ಔಟ್‌ಪುಟ್‌ನಿಂದ ಕಾಲು ಇಂಚಿನ ಜಾಕ್, ಅದರ ಇನ್ನೊಂದು ತುದಿಗೆ ಎಕ್ಸ್‌ಎಲ್‌ಆರ್, ಸೀದಾ ಗೋಡೆಯ ಪೆಟ್ಟಿಗೆಗೆ. ಮೂರು ತೊಂದರೆ ಒಟ್ಟಿಗೇ ಕಾಣಿಸಿಕೊಂಡವು. ಸ್ಪೀಕರ್‌ಗಳಲ್ಲಿ ಗುಂಯ್ ಅನ್ನುವ ಹಮ್. ಜೋರಾಗಿ ಹಾಡಿದಾಗಲೆಲ್ಲ ಒಡಕು ದನಿ. ಜೊತೆಗೆ ಕೇಬಲ್ ಮುಟ್ಟಿದರೆ ಚಟಪಟ. ಕೇಬಲ್ ಕೆಟ್ಟಿದೆ ಅಂತ ಎರಡು ಸಲ ಬದಲಿಸಿಯೂ ಆಗಿತ್ತು. ಕೇಬಲ್ ಸರಿಯಾಗೇ ಇತ್ತು.

ಒಡಕು ದನಿಗೆ ಕಾರಣ ಮಟ್ಟ. ಮೈಕ್‌ನಿಂದ ಬರುವುದು ಕೆಲವೇ ಮಿಲಿವೋಲ್ಟ್. ಲೈನ್ ಮಟ್ಟದ ಸಿಗ್ನಲ್, ಅಂದರೆ ಮಿಕ್ಸರ್ ತರಹದ ಉಪಕರಣ ಹೊರಗೆ ಕೊಡುವುದು, ವೃತ್ತಿಪರ ಉಪಕರಣಗಳಲ್ಲಿ ಸುಮಾರು 1.23 ವೋಲ್ಟ್, ಮನೆಬಳಕೆಯ ಉಪಕರಣಗಳಲ್ಲಿ ಸುಮಾರು 0.32 ವೋಲ್ಟ್. ಅಂದರೆ ಮೈಕ್‌ಗಿಂತ ನೂರಾರು ಪಟ್ಟು ಜಾಸ್ತಿ. ಗೋಡೆಯ ಸಾಕೆಟ್ ಹೋಗಿ ಸೇರುತ್ತಿದ್ದುದು ಮೈಕ್‌ಗೆಂದು ಗೇನ್ (ಒಳಬರುವ ಸಿಗ್ನಲ್ ಅನ್ನು ಮೊದಲು ಹಿಗ್ಗಿಸುವ ಗುಂಡಿ) ಏರಿಸಿಟ್ಟಿದ್ದ ಚಾನಲ್‌ಗೆ. ಹಿಂಬದಿಯಲ್ಲಿ ಫೇಡರ್, ಅಂದರೆ ಚಾನಲ್‌ನ ವಾಲ್ಯೂಮ್ ಸರಿಸುವ ಹಿಡಿ, ಇಳಿಸಿದರೆ ಸದ್ದು ಕಡಿಮೆಯಾಗುತ್ತಿತ್ತೇ ಹೊರತು ಒಡಕು ಹೋಗುತ್ತಿರಲಿಲ್ಲ. ಯಾಕೆಂದರೆ ಸಿಗ್ನಲ್ ಒಡೆಯುತ್ತಿದ್ದುದು ಫೇಡರ್‌ಗೂ ಮುಂಚೆ, ಗೇನ್ ಹಂತದಲ್ಲಿ.

ಚಟಪಟ ಬರುತ್ತಿದ್ದುದು ಫ್ಯಾಂಟಮ್‌ನಿಂದ. ಹಿಂದಿನ ಕಾರ್ಯಕ್ರಮದಲ್ಲಿ ಆ ಚಾನಲ್‌ಗೆ ಕಂಡೆನ್ಸರ್ ಮೈಕ್ ಇತ್ತಂತೆ. ಅಂಥ ಮೈಕ್‌ಗೆ ಮಿಕ್ಸರ್ ಕೇಬಲ್ ಮೂಲಕವೇ ಕಳಿಸುವ 48 ವೋಲ್ಟ್, ಅಂದರೆ ಫ್ಯಾಂಟಮ್, ಹಾಗೇ ಉಳಿದಿತ್ತು. ಬ್ಯಾಲೆನ್ಸ್ಡ್ ಅಲ್ಲದ, ಅಂದರೆ ಸಿಗ್ನಲ್‌ಗೆ ಒಂದೇ ತಂತಿ ಇರುವ, ಔಟ್‌ಪುಟ್‌ಗೆ ಆ ವೋಲ್ಟೇಜ್ ಹಿಮ್ಮುಖವಾಗಿ ಹೋದರೆ ಸದ್ದು ಬರುವುದಷ್ಟೇ ಅಲ್ಲ, ಕೆಲವು ಉಪಕರಣಗಳ ಔಟ್‌ಪುಟ್ ಹಾಳಾಗಲೂಬಹುದು.

ಇನ್ನು ಹಮ್. ಕಾಲಮ್ ಮತ್ತು ಸಣ್ಣ ಮಿಕ್ಸರ್‌ಗೆ ಕರೆಂಟ್ ಬಂದಿದ್ದು ವೇದಿಕೆಯ ಸಾಕೆಟ್‌ನಿಂದ. ಹಾಲ್‌ನ ಮಿಕ್ಸರ್‌ಗೆ ಹಿಂಬದಿಯ ಬೇರೊಂದು ಸರ್ಕ್ಯೂಟ್‌ನಿಂದ. ಎರಡಕ್ಕೂ ಅರ್ಥಿಂಗ್ ಇದೆ, ಇರಲೇಬೇಕು. ಆಡಿಯೊ ಕೇಬಲ್‌ನ ಶೀಲ್ಡ್ ಆ ಎರಡು ಅರ್ಥ್‌ಗಳನ್ನು ಇನ್ನೊಂದು ದಾರಿಯಲ್ಲೂ ಜೋಡಿಸಿದಾಗ ದೊಡ್ಡದೊಂದು ಸುತ್ತು ಆಗುತ್ತದೆ. ಅದರಲ್ಲಿ ಹರಿಯುವ ಸಣ್ಣ ಕರೆಂಟ್ 50 ಅಥವಾ 60 ಹರ್ಟ್ಜ್‌ನ ಹಮ್ ಆಗಿ ಕೇಳಿಸುತ್ತದೆ. ಜೊತೆಗೆ ಅದರ ಎರಡು ಪಟ್ಟು, ಮೂರು ಪಟ್ಟು ಸ್ವರಗಳೂ ಬರುತ್ತವೆ. ಗ್ರೌಂಡ್ ಲೂಪ್ ಅನ್ನುವುದು ಇದಕ್ಕೇ.

ಅಲ್ಲಿದ್ದ ಒಬ್ಬರು ಸುಲಭದ ದಾರಿ ಸೂಚಿಸಿದರು. ಮಿಕ್ಸರ್‌ನ ಪ್ಲಗ್‌ನಲ್ಲಿ ಅರ್ಥ್ ಪಿನ್‌ಗೆ ಟೇಪ್ ಸುತ್ತಿಬಿಡಿ, ಹಮ್ ಹೋಗುತ್ತದೆ ಅಂದರು. ಹೋಗುತ್ತದೆ ನಿಜ. ಆದರೆ ಇದನ್ನು ಯಾವ ಕಾರಣಕ್ಕೂ ಮಾಡಬಾರದು. ಗಾಯಕಿಯ ಬೆರಳು ಗಿಟಾರ್ ತಂತಿಯ ಮೇಲಿರುತ್ತದೆ, ತುಟಿ ಮೈಕ್‌ನ ಜಾಲರಿಗೆ ತಾಗುತ್ತಿರುತ್ತದೆ. ಪಿಕಪ್ ಇರುವ ಎಷ್ಟೋ ಗಿಟಾರ್‌ಗಳಲ್ಲಿ ತಂತಿಗಳು ಉಪಕರಣದ ಗ್ರೌಂಡ್‌ಗೆ ಸೇರಿರುತ್ತವೆ. ಒಂದು ಕಡೆ ಅರ್ಥ್ ಕಿತ್ತು, ಆ ಉಪಕರಣದ ಒಳಗೆ ಕರೆಂಟಿನ ಯಾವುದೋ ತಂತಿ ಅದರ ಲೋಹದ ಹೊರಮೈಗೆ ತಗುಲಿದರೆ ಪೂರ್ತಿ ವೋಲ್ಟೇಜ್ ಹಾದುಹೋಗುವುದು ಹಾಡುವವರ ದೇಹದ ಮೂಲಕ. ಸ್ಟೋನ್ ದಿ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ 1972ರಲ್ಲಿ ಸ್ವಾನ್ಸಿಯ ವೇದಿಕೆಯ ಮೇಲೆ ಸರಿಯಾದ ಅರ್ಥಿಂಗ್ ಇಲ್ಲದ ಮೈಕ್ ಮುಟ್ಟಿ ಪ್ರಾಣ ಕಳೆದುಕೊಂಡರು. ಹಮ್ ಕಿರಿಕಿರಿ ಅಷ್ಟೇ. ಅದನ್ನು ಕಳೆಯಲು ಒಬ್ಬರ ಜೀವ ಪಣಕ್ಕಿಡುವ ಮಾತೇ ಇಲ್ಲ. ಸುತ್ತನ್ನು ಕತ್ತರಿಸಬೇಕಾದದ್ದು ಆಡಿಯೊ ದಾರಿಯಲ್ಲಿ, ಕರೆಂಟಿನ ದಾರಿಯಲ್ಲಲ್ಲ.

ಮೂರೂ ತೊಂದರೆಗೆ ಉತ್ತರ ಒಂದೇ ಪೆಟ್ಟಿಗೆಯಲ್ಲಿತ್ತು: ಟ್ರಾನ್ಸ್‌ಫಾರ್ಮರ್ ಇರುವ ಪ್ಯಾಸಿವ್ ಡಿಐ ಬಾಕ್ಸ್, ಅಂದರೆ ವಾದ್ಯ ಅಥವಾ ಮಿಕ್ಸರ್‌ನ ಸಿಗ್ನಲ್ ಅನ್ನು ಮೈಕ್ ಇನ್‌ಪುಟ್‌ಗೆ ಹೊಂದಿಸುವ, ಕರೆಂಟ್ ಬೇಡದ ಪೆಟ್ಟಿಗೆ. ಸಿಗ್ನಲ್ ಟ್ರಾನ್ಸ್‌ಫಾರ್ಮರ್ ಮೂಲಕ ದಾಟುತ್ತದೆ, ನೇರ ತಂತಿ ಸಂಪರ್ಕ ಇರುವುದಿಲ್ಲ. ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿದರೆ ಶೀಲ್ಡ್‌ನ ಕೊಂಡಿಯೂ ಕಡಿಯುತ್ತದೆ. ಫ್ಯಾಂಟಮ್ ಯಾರಾದರೂ ಮರೆತು ಆನ್ ಮಾಡಿದರೂ ಈಚೆಗೆ ಬರುವುದಿಲ್ಲ. ಸಿಗ್ನಲ್ ಮಟ್ಟ ಸುಮಾರು 20 ಡಿಸಿಬೆಲ್, ಅಂದರೆ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಆಕ್ಟಿವ್ ಡಿಐ ಬೇಡ ಅಂದಿದ್ದಕ್ಕೆ ಕಾರಣ ಇದೆ. ಅದು ಗಿಟಾರ್ ಪಿಕಪ್‌ನಂಥ ದುರ್ಬಲ ಸಿಗ್ನಲ್‌ಗೆ ಒಳ್ಳೆಯದು. ಮಿಕ್ಸರ್‌ನಿಂದ ಬರುವುದು ಗಟ್ಟಿ ಸಿಗ್ನಲ್, ಇಲ್ಲಿ ಬೇಕಾದದ್ದು ಬೇರ್ಪಡಿಕೆ.

ಡಿಐ ಹಾಕಿ, ಲಿಫ್ಟ್ ಒತ್ತಿ, ತಂತ್ರಜ್ಞರು 48 ವೋಲ್ಟ್ ಆಫ್ ಮಾಡಿ ಗೇನ್ ಅನ್ನು ಸೊನ್ನೆಯಿಂದ ಮೇಲಕ್ಕೆ ತಂದರು. ಹಮ್ ಇಲ್ಲ, ಒಡಕಿಲ್ಲ.

ಹಾಡು ಶುರುವಾದಾಗ

ಅಲ್ಲಿಗೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು. ರಿಹರ್ಸಲ್‌ನಲ್ಲಿ ಎರಡನೇ ಹಾಡಿಗೆ ಗಾಯಕಿಗೆ ತನ್ನ ದನಿ ಕಡಿಮೆ ಕೇಳಿಸಿತು. ಪಕ್ಕದ ಮಿಕ್ಸರ್‌ನಲ್ಲಿ ಮಾಸ್ಟರ್, ಅಂದರೆ ಒಟ್ಟು ವಾಲ್ಯೂಮ್‌ನ ಗುಂಡಿ, ಸ್ವಲ್ಪ ಏರಿಸಿದರು. ತಕ್ಷಣ ಇಡೀ ಹಾಲ್ ಜೋರಾಯಿತು. ಹಿಂಬದಿಯಲ್ಲಿ ತಂತ್ರಜ್ಞರು ಫೇಡರ್ ಇಳಿಸಿದರು. ಹಾಲ್‌ನಿಂದ ವೇದಿಕೆಗೆ ಮರಳುತ್ತಿದ್ದ ದನಿ ಕಡಿಮೆಯಾಯಿತು, ಅದಕ್ಕೆ ಗಾಯಕಿ ಮತ್ತೆ ಏರಿಸಿದರು. ಮೂರನೇ ಸುತ್ತಿಗೆ ಮೈಕ್ ಕೂಗಿತು.

ಇಬ್ಬರದೂ ತಪ್ಪಿಲ್ಲ. ಇಬ್ಬರೂ ತಮ್ಮ ಕೆಲಸವನ್ನೇ ಮಾಡುತ್ತಿದ್ದರು. ಲೈನ್ ಹೊರಟಿದ್ದು ಮಾಸ್ಟರ್ ಆದಮೇಲಿನ ಔಟ್‌ಪುಟ್‌ನಿಂದ. ಹಾಗಾಗಿ ಗಾಯಕಿಯ ಕೈಯಲ್ಲಿದ್ದ ಒಂದು ಗುಂಡಿ ವೇದಿಕೆಯನ್ನೂ ಹಾಲ್ ಅನ್ನೂ ಒಟ್ಟಿಗೆ ಎತ್ತುತ್ತಿತ್ತು, ಇಳಿಸುತ್ತಿತ್ತು. ಹಾಲ್‌ಗೆ ಹೋಗುವ ಲೈನ್ ಮಾಸ್ಟರ್‌ಗೆ ಮುಂಚೆಯೇ ಕವಲೊಡೆಯಬೇಕು. ಇದು ನನ್ನ ಖಚಿತ ಅಭಿಪ್ರಾಯ. ವೇದಿಕೆಯವರು ತಮ್ಮ ಕಾಲಮ್ ಅನ್ನು ಎಷ್ಟು ಸಲ ಬೇಕಾದರೂ ಹೊಂದಿಸಿಕೊಳ್ಳಲಿ, ಹಿಂಬದಿಯವರ ಫೇಡರ್‌ನ ಅರ್ಥ ಬದಲಾಗಬಾರದು.

ಆ ಸಣ್ಣ ಮಿಕ್ಸರ್‌ನಲ್ಲಿ ಎರಡು ಆಕ್ಸ್ ಔಟ್‌ಪುಟ್, ಅಂದರೆ ಬೇಕಾದ ವಾದ್ಯಗಳನ್ನಷ್ಟೇ ಬೆರೆಸಿ ಕಳಿಸುವ ಹೆಚ್ಚುವರಿ ದಾರಿಗಳು, ಇದ್ದವು. ಎರಡನ್ನೂ ಪ್ರಿ-ಫೇಡರ್ ಮಾಡಲು, ಅಂದರೆ ಫೇಡರ್ ಮತ್ತು ಮಾಸ್ಟರ್‌ಗೆ ಮುಂಚೆಯೇ ಸಿಗ್ನಲ್ ತೆಗೆದುಕೊಳ್ಳಲು ಬರುತ್ತಿತ್ತು. ಒಂದರಲ್ಲಿ ಎಲ್ಲವನ್ನೂ ಕಳಿಸಿದರೆ ಸಾಕು ಅಂತ ತಂಡದವರಿಗೆ ಅನಿಸಿತ್ತು. ನಾನು ಎರಡೂ ಬಳಸೋಣ ಅಂದೆ. ಮೊದಲನೆಯದರಲ್ಲಿ ಗಾಯಕಿಯ ದನಿ ಮಾತ್ರ, ಎರಡನೆಯದರಲ್ಲಿ ಉಳಿದೆಲ್ಲ ವಾದ್ಯ. ಕಾರಣ ಹೇಳುತ್ತೇನೆ. ವೇದಿಕೆಯ ಮೇಲೆ ಹದವಾಗಿ ಕೇಳಿಸುವ ಮಿಶ್ರಣ ಹಾಲ್‌ನಲ್ಲಿ ಹದವಾಗಿರುವುದಿಲ್ಲ. ಕಹೋನ್ ತಾನೇ ಜೋರಿನ ವಾದ್ಯ. ಮೂರು ಅಡಿ ದೂರದಲ್ಲಿ ಕೂತವರಿಗೆ ಸ್ಪೀಕರ್‌ನಲ್ಲಿ ಅದು ಹೆಚ್ಚು ಬೇಕಾಗುವುದಿಲ್ಲ. ಇಪ್ಪತ್ತನೇ ಮೀಟರ್‌ನಲ್ಲಿ ಕೂತವರ ಲೆಕ್ಕವೇ ಬೇರೆ. ಎಲ್ಲವೂ ಒಂದೇ ಲೈನ್‌ನಲ್ಲಿ ಬಂದರೆ ಹಿಂಬದಿಯವರು ದನಿಯನ್ನು ಮಾತ್ರ ಎತ್ತಲಾಗದು. ಎರಡು ಲೈನ್ ಇದ್ದರೆ ಆ ಒಂದು ಸ್ವಾತಂತ್ರ್ಯ ಸಿಗುತ್ತದೆ. ಇಷ್ಟು ಗಾತ್ರದ ಹಾಲ್‌ನಲ್ಲಿ ಬೇಕಾದದ್ದೂ ಹೆಚ್ಚಾಗಿ ಅದೇ.

ಹಾಗಾದರೆ ಪ್ರತಿ ಮೈಕ್, ಪ್ರತಿ ವಾದ್ಯವನ್ನೂ ಬೇರೆ ಬೇರೆ ಲೈನ್‌ನಲ್ಲಿ ಕೊಡಬಹುದಿತ್ತಲ್ವಾ? ತಂತ್ರಜ್ಞರೂ ಅದನ್ನೇ ಕೇಳಿದರು. ಸಾವಿರಾರು ಜನರ ಜಾಗವಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಅಲ್ಲಿ ಹಾಲ್‌ನ ಮಿಕ್ಸರ್ ಯಜಮಾನ ಆಗಬೇಕು, ಕಾಲಮ್ ಬರೀ ಮಾನಿಟರ್. ಆದರೆ ಇಲ್ಲಿ ತಂತ್ರಜ್ಞರು ಈ ಹಾಡುಗಳನ್ನು ಹಿಂದೆ ಕೇಳಿಲ್ಲ. ಯಾವ ಹಾಡಿನಲ್ಲಿ ಕೀಬೋರ್ಡ್ ಮುಂದೆ ಬರುತ್ತದೆ, ಎಲ್ಲಿ ಗಿಟಾರ್ ಹಿಂದೆ ಸರಿಯುತ್ತದೆ ಅನ್ನುವುದು ತಂಡದವರ ಬೆರಳಲ್ಲಿದೆ. ಆ ವಿವೇಕವನ್ನು ಅವರಿಂದ ಕಿತ್ತು ಒಂದು ಗಂಟೆಯ ರಿಹರ್ಸಲ್‌ನಲ್ಲಿ ಇನ್ನೊಬ್ಬರಿಗೆ ಕೊಡುವುದು ನ್ಯಾಯವೂ ಅಲ್ಲ, ಸಾಧ್ಯವೂ ಅಲ್ಲ.

ಆಕ್ಸ್‌ನಿಂದ ಕಳಿಸಿದ್ದಕ್ಕೆ ಇನ್ನೊಂದು ಲಾಭ ಸಿಕ್ಕಿತು. ಸಣ್ಣ ಮಿಕ್ಸರ್‌ನ ರಿವರ್ಬ್, ಅಂದರೆ ಕೃತಕ ಅನುರಣನ, ಆ ದಾರಿಯಲ್ಲಿ ಹೋಗಲಿಲ್ಲ. ಹಾಲ್ ತಾನೇ ಬೇಕಾದಷ್ಟು ಅನುರಣನ ಕೊಡುತ್ತಿತ್ತು. ಅದರ ಮೇಲೆ ರಿವರ್ಬ್ ಸುರಿದರೆ ಮಾತು ಮಸುಕಾಗುತ್ತಿತ್ತು. ಆದರೆ ಪ್ರತಿ ವಾದ್ಯದ ನಾದ ತಿದ್ದುವ ಈಕ್ಯೂ ಮಾತ್ರ ಲೈನ್‌ನಲ್ಲಿ ಇರಲಿ ಅಂತ ಉಳಿಸಿಕೊಂಡೆವು. ಗಿಟಾರ್ ಪಿಕಪ್‌ನ ಒರಟುತನ ಅಲ್ಲೇ ತಿದ್ದಿಕೊಂಡು ಬಂದರೆ ಹಿಂಬದಿಯಲ್ಲಿ ಮತ್ತೆ ತಿದ್ದುವ ಕೆಲಸ ಇರುವುದಿಲ್ಲ.

ದನಿ ಎಲ್ಲಿಂದ ಬರುತ್ತಿದೆ?

ಈಗ ಮಟ್ಟ ಸರಿ, ಅಧಿಕಾರವೂ ಸರಿ. ಆದರೂ ಮುಂದಿನ ಸಾಲುಗಳಲ್ಲಿ ಕೂತು ಕೇಳಿದಾಗ ಏನೋ ಕೊರತೆ. ಗಾಯಕಿ ಕಣ್ಣೆದುರಿಗೇ ಹಾಡುತ್ತಿದ್ದಾರೆ, ದನಿ ಮಾತ್ರ ಮೇಲಿನ ಬದಿಯ ಸ್ಪೀಕರ್‌ನಿಂದ ಬರುತ್ತಿದೆ. ಜೊತೆಗೆ ನಾದದಲ್ಲಿ ಒಂಥರಾ ಪೊಳ್ಳು. ಕಾಲಮ್ ಇದ್ದುದು ವೇದಿಕೆಯ ಹಿಂಭಾಗದಲ್ಲಿ. ತೂಗುಹಾಕಿದ ಸ್ಪೀಕರ್‌ಗಳು ಅದಕ್ಕಿಂತ ಸುಮಾರು 4 ಮೀಟರ್ ಮುಂದೆ. ದನಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ 343 ಮೀಟರ್ ಹೋಗುತ್ತದೆ, ಅಂದರೆ ಒಂದು ಮೀಟರ್‌ಗೆ 2.9 ಮಿಲಿಸೆಕೆಂಡ್. ಹಾಲ್‌ನ ಸ್ಪೀಕರ್‌ನ ದನಿ ಕಾಲಮ್‌ಗಿಂತ ಸುಮಾರು 12 ಮಿಲಿಸೆಕೆಂಡ್ ಮೊದಲೇ ಕೇಳುಗರನ್ನು ಮುಟ್ಟುತ್ತಿತ್ತು.

ಕಿವಿ ಮೊದಲು ಬಂದ ದನಿಯ ದಿಕ್ಕನ್ನೇ ನಂಬುತ್ತದೆ. ಹೆಲ್ಮುಟ್ ಹಾಸ್ 1949ರ ತಮ್ಮ ಸಂಶೋಧನಾ ಪ್ರಬಂಧದಲ್ಲಿ ಇದನ್ನು ಮಾತಿನ ಮೇಲೆ ಅಳೆದು ತೋರಿಸಿದರು. ಎರಡನೇ ದನಿ 10ರಿಂದ 30 ಮಿಲಿಸೆಕೆಂಡ್ ತಡವಾಗಿ ಬಂದರೆ, ಅದು ಸುಮಾರು 10 ಡಿಸಿಬೆಲ್ ಜೋರಾಗಿದ್ದರೂ ಬೇರೆ ಪ್ರತಿಧ್ವನಿಯಾಗಿ ಕೇಳಿಸುವುದಿಲ್ಲ. ಈ ತತ್ವ ನಮಗೆ ಹೇಳಿ ಮಾಡಿಸಿದಂತಿತ್ತು. ಕಾಲಮ್ ಮೊದಲು, ಹಾಲ್ ಆಮೇಲೆ. ಆಗ ಬಲ ಹಾಲ್‌ನ ಸ್ಪೀಕರ್‌ನದು, ದಿಕ್ಕು ಗಾಯಕಿಯದು.

ತಂತ್ರಜ್ಞರು ಮುಖ್ಯ ಔಟ್‌ಪುಟ್‌ಗೆ ಡಿಲೇ ಹಾಕಲು, ಅಂದರೆ ದನಿಯನ್ನು ಸ್ವಲ್ಪ ತಡವಾಗಿ ಹೊರಬಿಡಲು ಹೊರಟರು. ಅದರ ಬದಲು ನಮ್ಮ ಎರಡು ಇನ್‌ಪುಟ್ ಚಾನಲ್‌ಗಳಿಗೆ ಮಾತ್ರ ಹಾಕೋಣ ಅಂತ ಕೇಳಿಕೊಂಡೆ. 12ಕ್ಕೆ 8 ಸೇರಿಸಿ 20 ಮಿಲಿಸೆಕೆಂಡ್. ಹಿಂದಿನ ಸಾಲಿನ ಸ್ಪೀಕರ್‌ಗಳಿಗೆ ಮುಖ್ಯ ಸ್ಪೀಕರ್‌ಗೆ ಹೊಂದುವ ಡಿಲೇ ಮೊದಲೇ ಇತ್ತು. ಇನ್‌ಪುಟ್‌ನಲ್ಲೇ 20 ಹಾಕಿದ್ದರಿಂದ ಅವೂ ತಾವಾಗಿ ಅಷ್ಟು ಹಿಂದೆ ಸರಿದವು. ನಿರೂಪಕರ ಮೈಕ್‌ಗೆ ಮಾತ್ರ ಇದು ತಾಗಲಿಲ್ಲ. ಅವರು ಕಾಲಮ್‌ನಲ್ಲಿ ಇಲ್ಲ, ಹಾಗಾಗಿ ಅವರ ಮಾತಿಗೆ ಈ ತಡ ಬೇಕಿರಲಿಲ್ಲ. ಲೆಕ್ಕ ಸರಿಯಿದೆಯೇ ಅಂತ ನೋಡಲು ಕಹೋನ್‌ನ ಅಂಚಿಗೆ ಬೆರಳಲ್ಲಿ ಟಕ್ ಟಕ್ ಹೊಡೆಸಿ ಬೇರೆ ಬೇರೆ ಸಾಲುಗಳಲ್ಲಿ ನಿಂತು ಕೇಳಿದೆ. ಡಿಜಿಟಲ್ ಉಪಕರಣಗಳು ತಮ್ಮದೇ ಒಂದಿಷ್ಟು ಮಿಲಿಸೆಕೆಂಡ್ ಸೇರಿಸುತ್ತವೆ, ಹಾಗಾಗಿ ಕೊನೆಯ ಮಾತು ಕಿವಿಯದೇ. 20 ಸರಿಯಾಗಿತ್ತು.

ಬಾಸ್ ವಿಷಯದಲ್ಲಿ ಡಿಲೇ ಹೊಸದೊಂದು ತೊಡಕು ತಂದಿತು. ಒಂದೇ ದನಿ 8 ಮಿಲಿಸೆಕೆಂಡ್ ಅಂತರದಲ್ಲಿ ಎರಡು ಕಡೆಯಿಂದ ಕೇಳುಗರನ್ನು ಮುಟ್ಟಿದರೆ ಸುಮಾರು 63, 188, 313 ಹರ್ಟ್ಜ್‌ಗಳಲ್ಲಿ ಒಂದನ್ನೊಂದು ಅಳಿಸುತ್ತವೆ, ನಡುವಿನ ಸ್ವರಗಳಲ್ಲಿ ಉಬ್ಬುತ್ತವೆ. ಮೇಲಿನ ಸ್ವರಗಳಲ್ಲಿ ಈ ಏರಿಳಿತಗಳು ಬಾಚಣಿಗೆಯ ಹಲ್ಲಿನಂತೆ ತೀರಾ ಒತ್ತೊತ್ತಾಗಿ ಬರುವುದರಿಂದ ಕಿವಿಗೆ ಅಷ್ಟು ಗೊತ್ತಾಗುವುದಿಲ್ಲ. ಕೆಳಗಿನ ಸ್ವರಗಳಲ್ಲಿ ಸ್ಪಷ್ಟವಾಗಿ ಗೊತ್ತಾಗುತ್ತದೆ. ಕಹೋನ್‌ನ ಒಂದು ಹೊಡೆತ ಗುಡುಗಿದರೆ ಇನ್ನೊಂದು ಕಾಣೆಯಾಗುತ್ತಿತ್ತು. ಬಾಸ್ ಒಂದೇ ಕಡೆಯಿಂದ ಬರಲಿ ಅಂತ ತೀರ್ಮಾನಿಸಿದೆವು. ಕಾಲಮ್‌ನ ಬಾಸ್ ಪೆಟ್ಟಿಗೆ ಈ ಹಾಲ್‌ಗೆ ಸಾಕಿತ್ತು. ಹಾಲ್‌ನ ಎರಡೂ ಚಾನಲ್‌ಗಳಲ್ಲಿ 120 ಹರ್ಟ್ಜ್‌ನ ಕೆಳಗಿನದನ್ನು ಕತ್ತರಿಸಲಾಯಿತು. ಗಾಯಕಿಯ ದನಿಯ ಮೂಲ ಸ್ವರಗಳು ಅದಕ್ಕಿಂತ ಮೇಲೆ ಇದ್ದುದರಿಂದ ಹಾಡಿಗೆ ಏನೂ ಕೊರತೆ ಆಗಲಿಲ್ಲ.

ಮೈಕ್ ಕೂಗುವ ಭಯ ಇನ್ನೂ ಪೂರ್ತಿ ಹೋಗಿರಲಿಲ್ಲ. ಕಾಲಮ್ ಬೆನ್ನ ಹಿಂದಿದೆ, ಅಂದರೆ ಮೈಕ್‌ನ ಬಾಯಿ ಅದರತ್ತಲೇ. ತೆರೆದಿರುವ ಮೈಕ್‌ಗಳ ಸಂಖ್ಯೆ ಎರಡು ಪಟ್ಟಾದರೆ ಕೂಗುವ ಮುಂಚೆ ವಾಲ್ಯೂಮ್ ಏರಿಸಲು ಇರುವ ಅವಕಾಶ 3 ಡಿಸಿಬೆಲ್ ಕಡಿಮೆಯಾಗುತ್ತದೆ. ಕೀಬೋರ್ಡ್ ನುಡಿಸುವವರ ಮುಂದೆ ಒಂದು ಮೈಕ್ ಸುಮ್ನೆ ತೆರೆದಿತ್ತು, ಅವರು ಒಂದೇ ಹಾಡಿನಲ್ಲಿ ದನಿ ಸೇರಿಸುವವರು. ಅದಕ್ಕೆ ಮ್ಯೂಟ್ ಹಾಕಿದೆವು. ಕಾಲಮ್ ಅನ್ನು ಗಾಯಕಿಯ ನೇರ ಹಿಂದಿನಿಂದ ಎರಡು ಹೆಜ್ಜೆ ಬದಿಗೆ ಸರಿಸಿದೆವು. ವೇದಿಕೆಯ ವಾಲ್ಯೂಮ್ ಅನ್ನು ಗಾಯಕಿ ತಾವಾಗಿಯೇ ಇಳಿಸಿದರು, ಯಾಕೆಂದರೆ ಹಾಲ್ ತುಂಬಿಸುವ ಹೊಣೆ ಈಗ ಅವರ ಕಾಲಮ್‌ಗೆ ಇರಲಿಲ್ಲ. ಇದರಿಂದ ಸಿಕ್ಕಷ್ಟು ನೆಮ್ಮದಿ ಯಾವ ಈಕ್ಯೂನಿಂದಲೂ ಸಿಗುತ್ತಿರಲಿಲ್ಲ.

ಕೀಬೋರ್ಡ್‌ನ ಪಿಯಾನೊ ಮಾತ್ರ ಹಾಲ್‌ನಲ್ಲಿ ಸೊರಗಿ ಕೇಳಿಸುತ್ತಿತ್ತು. ಅದರ ಎಡ, ಬಲ ಎರಡೂ ಔಟ್‌ಪುಟ್ ಒಂದೇ ಆಕ್ಸ್‌ನಲ್ಲಿ ಕೂಡಿದಾಗ ಸ್ಟೀರಿಯೊಗೆಂದು ಮಾಡಿದ ನಾದ ತನ್ನನ್ನೇ ಭಾಗಶಃ ಅಳಿಸಿಕೊಳ್ಳುತ್ತಿತ್ತು. ಮೊನೊ ಪಿಯಾನೊ ನಾದ ಆರಿಸಿಕೊಂಡು, ಮೊನೊ ಎಂದು ಗುರುತಿರುವ ಎಡ ಜಾಕ್ ಒಂದನ್ನೇ ಬಳಸಿದಾಗ ಸರಿಹೋಯಿತು.

ಕಾರ್ಯಕ್ರಮ

ಶುರುವಾಗುವ ಮೊದಲು ಇಬ್ಬರ ನಡುವೆ ಕೆಲವು ಮಾತು ಗಟ್ಟಿಯಾದವು. ತಂತ್ರಜ್ಞರು ತಮ್ಮ ಎರಡು ಚಾನಲ್ ಮ್ಯೂಟ್ ಮಾಡಿದ ಮೇಲಷ್ಟೇ ತಂಡದವರು ಜಾಕ್ ಕೀಳಬೇಕು, ಪವರ್ ಆಫ್ ಮಾಡಬೇಕು. ಕಾಲಮ್ ಎಲ್ಲಕ್ಕಿಂತ ಕೊನೆಗೆ ಆನ್, ಎಲ್ಲಕ್ಕಿಂತ ಮೊದಲು ಆಫ್. ಗಾಯಕಿ ಮಾಸ್ಟರ್ ಎಷ್ಟು ಬೇಕಾದರೂ ಮುಟ್ಟಬಹುದು, ಆಕ್ಸ್ ಗುಂಡಿಗಳನ್ನು ಮುಟ್ಟುವಂತಿಲ್ಲ. ಆಕ್ಸ್ ಗುಂಡಿಗಳ ಮೇಲೆ ಒಂದು ತುಂಡು ಟೇಪ್ ಅಂಟಿಸಿದೆವು. ಹಾಲ್‌ನಲ್ಲಿ ಏನಾದರೂ ಬದಲಾಗಬೇಕಿದ್ದರೆ ಗಾಯಕಿ ಕಣ್ಣಲ್ಲೇ ಹಿಂಬದಿಗೆ ಸೂಚಿಸುತ್ತಾರೆ.

ಜನ ತುಂಬಿದ ಮೇಲೆ ಹಾಲ್‌ನ ಅನುರಣನ ಇಳಿಯಿತು. ಜನರ ಮೈ, ಬಟ್ಟೆ ಎರಡೂ ಮೇಲಿನ ಸ್ವರಗಳನ್ನು ಹೀರಿಕೊಳ್ಳುತ್ತವೆ. ಇದು ನಿರೀಕ್ಷಿತವೇ. ತಂತ್ರಜ್ಞರು ದನಿಯ ಚಾನಲ್ ಅನ್ನು ಒಂದೆರಡು ಡಿಸಿಬೆಲ್ ಎತ್ತಿದರು, ವಾದ್ಯದ ಚಾನಲ್ ಹಾಗೇ ಬಿಟ್ಟರು. ಎರಡು ಲೈನ್ ಇದ್ದುದಕ್ಕೆ ಇದು ಸಾಧ್ಯವಾಯಿತು. ವಿರಾಮಕ್ಕೆ ಮೊದಲು ಗಾಯಕಿ ಮಾಸ್ಟರ್ ಅನ್ನು ಹಲವು ಸಲ ಏರಿಳಿಸಿದ್ದನ್ನು ನಾನು ನೋಡಿದೆ. ಹಾಲ್‌ನಲ್ಲಿ ಯಾರಿಗೂ ಅದು ಗೊತ್ತಾಗಲಿಲ್ಲ. ಕೊನೆಯ ಸಾಲಿನಲ್ಲಿ ನಿಂತಾಗ ಮೆಲುದನಿಯ ಹಾಡಿನ ಪ್ರತಿ ಮಾತೂ ತಿಳಿಯುತ್ತಿತ್ತು, ಮತ್ತು ಅದು ಗಾಯಕಿಯ ಕಡೆಯಿಂದಲೇ ಬರುತ್ತಿತ್ತು.

ಒಂದು ಜಾಗ ಮಾತ್ರ ಸರಿಹೋಗಲಿಲ್ಲ. ಹಿಂದಿನ ಎಡ ಮೂಲೆಯಲ್ಲಿ ಕಹೋನ್‌ನ ಬಾಸ್ ಕೊನೆಯವರೆಗೂ ಗುಡುಗುತ್ತಲೇ ಇತ್ತು. ಎರಡು ಗೋಡೆ ಸೇರುವ ಕಡೆ ಕೆಳಸ್ವರ ಶೇಖರವಾಗುತ್ತದೆ, ಅದು ಮಿಕ್ಸರ್‌ನಿಂದ ತಿದ್ದುವ ವಿಷಯವಲ್ಲ. ಇಡೀ ಹಾಲ್‌ನ ಬಾಸ್ ಇಳಿಸಿ ಆ ಕೆಲವು ಆಸನಗಳನ್ನು ಸರಿಮಾಡುವುದು ಬೇಡ ಅಂತ ಬಿಟ್ಟೆವು. ಮೂಲೆಯ ಆ ಕುರ್ಚಿಗಳನ್ನು ಮುಂದಿನ ಸಲ ಖಾಲಿ ಬಿಡಲು ಆಗುತ್ತದೆಯೇ ಅಂತ ಆಯೋಜಕರನ್ನು ಕೇಳಿದ್ದೇವೆ. ತಂಡದವರು ಈಗ ಎರಡು ಪ್ಯಾಸಿವ್ ಡಿಐ ಬಾಕ್ಸ್ ಮತ್ತು ಎರಡು ಉದ್ದನೆಯ ಎಕ್ಸ್‌ಎಲ್‌ಆರ್ ಕೇಬಲ್ ಅನ್ನು ಕಾಲಮ್‌ನ ಚೀಲದಲ್ಲೇ ಇಟ್ಟುಕೊಂಡಿದ್ದಾರೆ. ಹೊಸ ಜಾಗಕ್ಕೆ ಹೋಗುವ ಮೊದಲೇ ಅಲ್ಲಿನ ತಂತ್ರಜ್ಞರಿಗೆ ಫೋನ್ ಮಾಡಿ ಎರಡು ವಿಷಯ ಕೇಳುತ್ತಾರೆ: ವೇದಿಕೆಯ ಮೇಲೆ ಎರಡು ಲೈನ್ ಸಿಗುತ್ತದೆಯೇ, ನಿಮ್ಮ ಮಿಕ್ಸರ್‌ನಲ್ಲಿ ಇನ್‌ಪುಟ್ ಡಿಲೇ ಇದೆಯೇ.